ಮುಗುಡಿನ ಪರೀಕ್ಷೆ

ಸಿಲ್ವರ್ ನೈಟ್ರೇಟ್ ದ್ರಾವಣ ಒಮ್ಮೆ ಬೆರಳಿಗೆ ತಾಗಿತೆಂದರೆ, ಸೋಪು ಹಾಕಿ, ಹುಳಿ ಹಾಕಿ, ಬೂದಿ ಹಾಕಿ ತಿಕ್ಕಿದರೂ ದಿನಗಟ್ಟಲೆ ಕರಿ ಬಿಡುವುದಿಲ್ಲ. ಎಂಬತ್ತರ ದಶಕದ ಆರಂಭದಲ್ಲಿ ಸುಳ್ಯದ ಕಡೆ ಪ್ರಾಣಿಶಾಸ್ತ್ರದ ಮೇಷ್ಟ್ರಾಗಿದ್ದ ನಾನು ಮದುವೆಯೂಟಕ್ಕೆ ಕೂತರೆ, ಬಡಿಸುವವರು ಮೊದಲು ನನ್ನ ಬಲಗೈ ನೋಡಿ, ಆಮೇಲೆ ಮುಖ ನೋಡಿ, ಪಕ್ಕದ ಎಲೆಗೆ ದಾಟಿಬಿಡುತ್ತಿದ್ದರು. ಬೆಳ್ಳಿಯನ್ನು ಮುಟ್ಟಿದವನ ಕೈ ಬೆಳ್ಳಗಾಗದೆ ಕಪ್ಪಗಾಗುವುದೇಕೆಂದು ವಿವರಿಸಿ ಮುಗಿಸುವವರೆಗೆ ಯಾವ ಸಾರೂ ಬಿಸಿಯಾಗಿ ಉಳಿಯುವುದಿಲ್ಲ, ನೋಡಿ.

ನನ್ನ ಸಂಶೋಧನೆ ಮುಗುಡಿನ ಮೇಲೆ. ಕೆರೆಯ ಕೆಸರಿನಲ್ಲಿ ಮೀಸೆ ಬಿಟ್ಟುಕೊಂಡು ಗಂಭೀರವಾಗಿ ಬದುಕುವ ಆ ಮೀನಿನ ಜೀವಕೋಶಗಳಲ್ಲಿ ವರ್ಣತಂತುಗಳೆಂಬ ಸೂಕ್ಷ್ಮ ಕಡ್ಡಿಗಳಿವೆ. ಅವುಗಳಲ್ಲಿ ಯಾವ ಕಡ್ಡಿಯ ಯಾವ ಭಾಗದಲ್ಲಿ ರೈಬೋಸೋಮಿನ ಜೀನುಗಳು ಕುಳಿತಿವೆ ಎಂದು ಗುರುತಿಸುವುದು ನನ್ನ ಪಾಲಿನ ಕೆಲಸ. ಬೆಳ್ಳಿಯ ದ್ರಾವಣ ಹಾಕಿದಾಗ ಉಳಿದದ್ದೆಲ್ಲ ಹೊಂಬಣ್ಣಕ್ಕೆ ತಿರುಗಿ, ಆ ಜಾಗ ಮಾತ್ರ ಕಪ್ಪು ಚುಕ್ಕೆಯಾಗಿ ಕಾಣಬೇಕು. ನಾಲ್ಕು ವರ್ಷವಾದರೂ ಕಂಡಿರಲಿಲ್ಲ. ಗಾಜಿನ ಪಟ್ಟಿಗಳೆಲ್ಲ ನನ್ನ ಬೆರಳುಗಳಂತೆ ಪೂರ್ತಿ ಕಪ್ಪಾಗುತ್ತಿದ್ದವು. ಕೊನೆಗೆ ಮಾರ್ಗದರ್ಶಕರ ಕಾಗದ ಬಂತು: ತಿಂಗಳೊಳಗೆ ಒಂದು ಸ್ಪಷ್ಟ ಚಿತ್ರ ಬಾರದಿದ್ದರೆ ಪಿಎಚ್‌ಡಿ ನೋಂದಣಿ ರದ್ದು.

ನನಗೆ ಮೀನು ಕೊಡುತ್ತಿದ್ದವರು ಆಲೆಟ್ಟಿಯ ಕೃಷಿಕ ಕುಂಞಣ್ಣ ರೈಗಳು. ಮೊದಲ ದಿನ ಅವರು, "ಮೀನು ತಿನ್ನದ ನಿಮಗೆ ಮುಗುಡು ಎಂತಕ್ಕೆ ಮೇಷ್ಟ್ರೇ?" ಎಂದಾಗ ನಾನು ಅವಸರದಲ್ಲಿ, "ಪರೀಕ್ಷೆಗೆ" ಎಂದುಬಿಟ್ಟೆ. ಆ ಒಂದು ಮಾತು ಮಾಡಿದ ಅನಾಹುತವನ್ನು ನಾಲ್ಕು ವರ್ಷ ಅನುಭವಿಸಿದೆ. ಮರುವಾರ ಬಸ್ ಸ್ಟ್ಯಾಂಡಿನಲ್ಲಿ, ನನ್ನ ವಿದ್ಯಾರ್ಥಿಗಳ ನಡುವೆ, ರೈಗಳು ಗಟ್ಟಿಯಾಗಿ ಕೇಳಿದರು:

"ನಮ್ಮ ಮುಗುಡು ಪಾಸಾಯ್ತಾ?"

"ಇಲ್ಲ ರೈಗಳೇ."

"ಅದಕ್ಕೆ ಸ್ವಲ್ಪ ಉದಾಸೀನ ಜಾಸ್ತಿ. ಬೇರೆ ಒಂದುಂಟು, ಚುರುಕಿನದ್ದು. ನಾಳೆ ಕೊಡ್ತೇನೆ."

ಕೊಂಡುಹೋದ ಸಂಜೆಯೇ ಮುಗುಡಿನ ಪ್ರಾಣ ಹೋಗುತ್ತಿತ್ತೆಂದು ಹೇಳುವ ಧೈರ್ಯ ನನಗಾಗಲಿಲ್ಲ. ಕೇಳಿದಾಗೆಲ್ಲ 'ಫೇಲು' ಎಂದೆ. ಅವರು ಇನ್ನೂ ಬುದ್ಧಿವಂತ ಮುಗುಡೊಂದನ್ನು ಹುಡುಕಿ ಕೊಟ್ಟರು.

ಕಾಗದ ಬಂದ ಮೇಲೆ ಸಿಕ್ಕಿದ ಮುಗುಡಿನ ಮೂತ್ರಪಿಂಡದಿಂದ ಕೋಶಗಳನ್ನು ತೆಗೆದು ಕೊಳವೆಯಲ್ಲಿ ಸಿದ್ಧಮಾಡಿಟ್ಟುಕೊಂಡ ಹೊತ್ತಿಗೆ ಕಾಲೇಜಿನ ಟ್ರಾನ್ಸ್‌ಫಾರ್ಮರ್ ಸುಟ್ಟುಹೋಯಿತು. ಬಣ್ಣ ಕೂರಲು ಬಿಸಿ ಬೇಕು. ನಮ್ಮ ಬಚ್ಚಲುಮನೆಯ ಹಂಡೆಯ ತಾಮ್ರದ ಮುಚ್ಚಳದ ಬಿಸಿ ಸಾಕಾದೀತೆಂದು ಕೊಳವೆ ಹಿಡಿದು ಮನೆಗೆ ಬಂದರೆ, ಅಮ್ಮ ಹೊಸ್ತಿಲಲ್ಲೇ ತಡೆದರು.

"ಮೀನು ಒಳಗೆ ಬರುದು ಬೇಡ."

"ಇದು ಮೀನಲ್ಲಮ್ಮ, ಮೀನಿನ ಜೀವಕೋಶ."

"ತೆಂಗಿನಕಾಯಿ ಅಲ್ಲ, ಕಾಯಿತುರಿ ಅಂತ ಹೇಳಿದ ಹಾಗಾಯ್ತು!"

ಬಚ್ಚಲುಮನೆ ಅಂಗಳದಾಚೆ ಪ್ರತ್ಯೇಕವಾಗಿದ್ದುದರಿಂದ ಅದನ್ನು 'ಮನೆಯ ಒಳಗು' ಎಂದು ಎಣಿಸಬೇಕಾಗಿಲ್ಲವೆಂಬ ತೀರ್ಮಾನಕ್ಕೆ ಅರ್ಧ ಗಂಟೆಯಲ್ಲಿ ಬಂದೆವು.

ಕೋಶಗಳು ಒಡೆದು ವರ್ಣತಂತುಗಳು ಚೆನ್ನಾಗಿ ಹರಡಬೇಕಾದರೆ ಹನಿ ಎತ್ತರದಿಂದ ಬೀಳಬೇಕು. ನಾನು ಏಣಿ ಹತ್ತಿದೆ. ನನ್ನ ಹೆಂಡತಿ ಸರೋಜ ಕೆಳಗೆ ತಣ್ಣನೆಯ ಗಾಜಿನ ಪಟ್ಟಿ ಹಿಡಿದು, ದೇವರ ತೀರ್ಥಕ್ಕೆ ಕೈಯೊಡ್ಡಿದವಳಂತೆ ನಿಂತಳು. ಮೊದಲ ಹನಿ ಅವಳ ಬೈತಲೆಗೆ ಬಿತ್ತು. "ಪರವಾಗಿಲ್ಲ, ಇನ್ನೊಂದು ಬಿಡಿ" ಎಂದಳು. ಎರಡನೆಯದು ಗಾಜಿನ ಮೇಲೆ ಬಿತ್ತು. ಅದು ಒಣಗಿದ ಮೇಲೆ ಬೆಳ್ಳಿಯ ದ್ರಾವಣ ಹಾಕಿ ಮುಚ್ಚಳದ ಮೇಲಿಟ್ಟೆವು. ಇಬ್ಬರೂ ಉಸಿರು ಹಿಡಿದು ನೋಡುತ್ತಿದ್ದಂತೆ ಗಾಜು ನಿಧಾನವಾಗಿ, ಪಾಕ ಬಂದ ಬೆಲ್ಲದಂತೆ, ಹೊಂಬಣ್ಣಕ್ಕೆ ತಿರುಗಿತು. ಥಟ್ಟನೆ ತೆಗೆದು ತೊಳೆದೆ.

ಮರುದಿನ ಆದಿತ್ಯವಾರ. ಕಾಲೇಜಿನಿಂದ ತಂದ ಮೈಕ್ರೋಸ್ಕೋಪನ್ನು ಅಂಗಳದಲ್ಲಿಟ್ಟು, ಕನ್ನಡಿಗೆ ಬಿಸಿಲು ಹಿಡಿದು ನೋಡಿದರೆ, ಹೊಂಬಣ್ಣದ ಕಡ್ಡಿಗಳ ನಡುವೆ ಎರಡೇ ಎರಡು ಕಪ್ಪು ಚುಕ್ಕೆ. ನನ್ನ ಕಣ್ಣು ಮಂಜಾಯಿತು. ಅದೇ ಗಳಿಗೆಗೆ ರೈಗಳು ಫಲಿತಾಂಶ ವಿಚಾರಿಸಲು ಅಂಗಳಕ್ಕೆ ಬಂದರು.

"ನೋಡಿ ರೈಗಳೇ, ಇದು ನಿಮ್ಮ ಮುಗುಡು" ಎಂದೆ.

ಅವರು ಮುಂಡು ಎತ್ತಿಕಟ್ಟಿ, ಬಗ್ಗಿ, ಬಹಳ ಹೊತ್ತು ನೋಡಿದರು.

"ತುಂಬ ಬಡವಾಗಿದೆ ಮಾರಾಯ್ರೆ."

ಇನ್ನು ಮುಚ್ಚಿಡಲಾಗಲಿಲ್ಲ. "ಅದು ಸತ್ತಿದೆ ರೈಗಳೇ. ನೀವು ಕೊಟ್ಟದ್ದು ಯಾವುದೂ ಬದುಕಿಲ್ಲ. ಇಷ್ಟು ವರ್ಷ ನಾನು ನಿಮಗೆ ಹೇಳಲಿಲ್ಲ."

"ಅದು ನನಗೆ ಗೊತ್ತುಂಟು" ಎಂದರು ರೈಗಳು, ಕಣ್ಣು ಮೈಕ್ರೋಸ್ಕೋಪಿನಿಂದ ತೆಗೆಯದೆ. "ಸತ್ತದ್ದು ಬದುಕಿದ್ದು ನಾನು ಕೇಳಲಿಲ್ಲ. ಪಾಸಾಯ್ತಾ ಅಂತ ಕೇಳಿದ್ದು."

"ಪಾಸಾಯ್ತು" ಎಂದೆ.

ಜಗಲಿಯಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದ ಅಮ್ಮ ಸೆರಗು ಸುತ್ತಿಕೊಂಡು ಇಳಿದು ಬಂದರು. ತಾನೂ ನೋಡಬೇಕೆಂದರು. ನೋಡಿ, "ಆ ಕಪ್ಪು ಎಂತದ್ದು?" ಎಂದರು. ಕೋಶದೊಳಗೆ ಅಡುಗೆಮನೆಗಳಂಥವು ಇರುತ್ತವೆ, ದೇಹಕ್ಕೆ ಬೇಕಾದದ್ದನ್ನೆಲ್ಲ ಬೇಯಿಸಿಕೊಡುವುದು ಅವೇ, ಆ ಅಡುಗೆಮನೆ ಕಟ್ಟುವ ಲೆಕ್ಕಾಚಾರ ಬರೆದಿಟ್ಟ ಜಾಗ ಇದು ಎಂದೆ.

"ನಮಗೂ ಉಂಟಾ?"

"ಉಂಟಮ್ಮ. ಹತ್ತು ಕಡೆ."

"ಇದಕ್ಕೆ ಎರಡೇ?" ಎಂದು ಮತ್ತೊಮ್ಮೆ ಬಗ್ಗಿ ನೋಡಿದರು. ಆಮೇಲೆ ನೇರ ಬಾವಿಕಟ್ಟೆಗೆ ನಡೆದು, ಉಟ್ಟ ಸೀರೆಯಲ್ಲೇ ಕೊಡಪಾನ ನೀರು ಸೇದಿ ತಲೆಯ ಮೇಲೆ ಸುರಿದುಕೊಂಡರು. ಸರೋಜ ಗಾಬರಿಯಿಂದ ಓಡಿದಳು: "ಅತ್ತೇ, ಎಂತ ಆಯ್ತು? ಸತ್ತದ್ದು ಮುಗುಡಲ್ವಾ!"

"ನಮ್ಮ ಹಾಗೆ ಅಡುಗೆಮನೆ ಇದ್ದ ಜೀವ ಹೋಗಿದೆ" ಎಂದರು ಅಮ್ಮ, ಮುಖದ ನೀರು ಒರೆಸಿಕೊಳ್ಳುತ್ತಾ. "ಮೀಯದೆ ಒಲೆ ಮುಟ್ಲಿಕ್ಕೆ ಆಗ್ತದಾ?"

ರೈಗಳು ಹೆಗಲ ಮೇಲಿನ ಬೈರಾಸು ವಸ್ತ್ರ ತೆಗೆದು ಕೈಯಲ್ಲಿ ಹಿಡಿದು ನಿಂತರು. ನಾನು ಅಂಗಿ ಕಳಚಿಟ್ಟು ಬಾವಿಕಟ್ಟೆಗೆ ಹೋದೆ. ಅಮ್ಮ ಪಕ್ಕಕ್ಕೆ ಸರಿದು, ಹಗ್ಗವನ್ನು ನನ್ನ ಕೈಗೆ ಕೊಟ್ಟರು.