ಹೊಡೆದು ಹಾಕಿದ ನಂಬರು

ಕೋವಿಡ್ ಬಂದುಹೋದ ಮರುವರ್ಷ ನಾನು ಬೆಂಗಳೂರಿನ ಒಂದು ದತ್ತಿ ನಿಧಿಯ ಪರವಾಗಿ ಯಾದಗಿರಿ ಜಿಲ್ಲೆಗೆ ಪರಿಶೀಲನಾಧಿಕಾರಿಯಾಗಿದ್ದೆ. ಹುದ್ದೆಯ ಹೆಸರು ದೊಡ್ಡದು, ಕೆಲಸ ಇಷ್ಟೇ. ಯಾದಗಿರಿ, ಶಹಾಪುರ, ಸುರಪುರ ಕಡೆಯ ಸಣ್ಣ ಸಂಸ್ಥೆಗಳು ನೆರವು ಕೇಳಿ ಅರ್ಜಿ ಹಾಕಿದರೆ, ಅವು ನಿಜವಾಗಿ ಕೆಲಸ ಮಾಡುತ್ತವೆಯೋ, ಬರೀ ಲೆಟರ್‌ಹೆಡ್ಡಿನ ಮೇಲೆ ಬದುಕಿವೆಯೋ ಎಂದು ಹೋಗಿ ನೋಡಿ ನೂರಕ್ಕೆ ಇಂತಿಷ್ಟು ಎಂದು ಅಂಕ ಹಾಕಬೇಕು. ನಾನು ರಾಮಸಮುದ್ರದವನು. ಈ ಹುದ್ದೆಗೂ ಮೊದಲು ಇಪ್ಪತ್ತೆರಡು ವರ್ಷ ಇದೇ ಜಿಲ್ಲೆಯ ಹೈಸ್ಕೂಲುಗಳಲ್ಲಿ ಗಣಿತ ಕಲಿಸಿದ್ದೆ. ಕಾಪಿ ಹೊಡೆಯುವವರನ್ನು ಕೊಠಡಿಯ ಬಾಗಿಲಲ್ಲಿ ನಿಂತೇ ಹಿಡಿಯುತ್ತೇನೆ ಎಂಬ ಜಂಬ ನನಗಿತ್ತು. ಆ ಜಂಬವೇ ಒಂದು ಹುಡುಗಿಯ ಬಾಳಿಗೆ ಮುಳುವಾಯಿತು. ಇದನ್ನು ಬರೆಯಲು ನನಗೆ ನಾಚಿಕೆಯಾಗುತ್ತದೆ, ಆದರೂ ಬರೆಯುತ್ತಿದ್ದೇನೆ.

ಮೋಸದ ಸಂಸ್ಥೆಗಳನ್ನು ನಾನು ಬೇಕಾದಷ್ಟು ನೋಡಿದ್ದೆ. ಒಂದು ಕಡೆ ಬೋರ್ಡಿನ ಪೇಂಟ್ ಇನ್ನೂ ಹಸಿಯಿತ್ತು, ಮುಟ್ಟಿದರೆ ಕೈಗೆ ಹತ್ತಿತು. ಇನ್ನೊಂದು ಕಡೆ ನಾನು ಬರುವ ದಿನಕ್ಕೆಂದು ಪಕ್ಕದ ಶಾಲೆಯಿಂದ ಮಕ್ಕಳನ್ನು ಕರೆತಂದು ಕೂರಿಸಿದ್ದರು. ಹೀಗಾಗಿ ನಮ್ಮಲ್ಲಿ ಒಂದು ನಿಯಮವಿತ್ತು. ಸಂಸ್ಥೆಯಿಂದ ನೆರವು ಪಡೆದವರ ಹೆಸರು, ಫೋನ್ ನಂಬರ್ ಇರುವ ಪಟ್ಟಿ ಪಡೆಯಬೇಕು, ಅದರಲ್ಲಿ ಕೆಲವರಿಗೆ ನಾವೇ ಫೋನ್ ಮಾಡಿ ಕೇಳಬೇಕು. ಇದಕ್ಕೆ ಕಾಲ್ ವೆರಿಫಿಕೇಶನ್ ಎನ್ನುತ್ತಿದ್ದೆವು. ಬೇರೆ ಬೇರೆ ಹೆಸರುಗಳ ಮುಂದೆ ಒಂದೇ ನಂಬರ್ ಇದ್ದರೆ ಆ ಪಟ್ಟಿ ಸುಳ್ಳು ಎಂದೇ ಲೆಕ್ಕ. ಹೊಸದಾಗಿ ಸೇರಿದವರಿಗೆಲ್ಲ ಇದನ್ನು ಕಲಿಸುತ್ತಿದ್ದವನೂ ನಾನೇ.

ಆ ಸಲ ಕೊನೆಗೆ ಎರಡು ಅರ್ಜಿ ಉಳಿದವು, ಒಂದಕ್ಕೆ ಮಾತ್ರ ನೆರವು. ಮೊದಲನೆಯದು ಶಹಾಪುರದ ಒಂದು ಸಂಸ್ಥೆ. ಅಲ್ಲಿ ಶಾಲು ಹೊದಿಸಿ, ಹಾರ ಹಾಕಿ ಕೂರಿಸಿದರು. ಗಂಡ ಬಿಟ್ಟ ಹೆಂಗಸರಿಗೆ ಹೊಲಿಗೆ ಕಲಿಸುತ್ತಿದ್ದರು. ಒಬ್ಬೊಬ್ಬರ ಫೋಟೊ, ಹೆಸರು, ಊರು, ಫೋನ್ ನಂಬರು ಎಲ್ಲ ಬಣ್ಣದ ಆಲ್ಬಮ್ಮಿನಲ್ಲಿತ್ತು. ಮೂವರಿಗೆ ಫೋನ್ ಮಾಡಿದೆ, ಮೂವರೂ ಹೌದೆಂದರು. ಕೆಲಸವೇನೋ ಸುಳ್ಳಲ್ಲ. ಆದರೆ ಗಂಡ ಬಿಟ್ಟವಳೆಂಬ ಹಣೆಪಟ್ಟಿಯ ಜೊತೆ ನಿಮ್ಮ ಫೋಟೊ ಅಚ್ಚು ಹಾಕಿಸಬಹುದೇ ಎಂದು ಆ ಹೆಂಗಸರನ್ನು ಯಾರಾದರೂ ಕೇಳಿದ್ದರೋ ಇಲ್ಲವೋ, ನಾನಂತೂ ವಿಚಾರಿಸಲಿಲ್ಲ. ಪಾರದರ್ಶಕತೆಗೆ ಇಪ್ಪತ್ತಕ್ಕೆ ಇಪ್ಪತ್ತು ಕೊಟ್ಟು ಬಂದೆ.

ಎರಡನೆಯದು ಸುರಪುರದ ಒಂದು ಓಣಿಯಲ್ಲಿ, ಹಸಿರು ಬಾಗಿಲಿನ ಮನೆ. ನಡೆಸುತ್ತಿದ್ದವಳು ಮಹಾದೇವಿ, ಮೊದಲು ಅಂಗನವಾಡಿ ಕಾರ್ಯಕರ್ತೆಯಾಗಿದ್ದವಳು. ಓಣಿಗೆಲ್ಲ ಮಾದೇವಕ್ಕ. ಶಾಲೆ ಬಿಡಿಸಿ ಮದುವೆಗೆ ಕೂರಿಸಿದ ಹುಡುಗಿಯರನ್ನು ಇಟ್ಟುಕೊಂಡು ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಓದಿಸುತ್ತೇನೆ ಎಂದು ಅರ್ಜಿಯಲ್ಲಿ ಬರೆದಿದ್ದಳು. ಬೋರ್ಡ್ ಇರಲಿಲ್ಲ, ಫೋಟೊ ಇರಲಿಲ್ಲ. ಪಕ್ಕದ ಕಿರಾಣಿ ಅಂಗಡಿಯವನನ್ನು ಕೇಳಿದರೆ, "ಅಂಥಾದ್ದೇನ್ ಗೊತ್ತಿಲ್ರಿ ನಮಗ" ಎಂದು ಮುಖ ತಿರುಗಿಸಿದ. ಬಾಗಿಲಲ್ಲಿ ಮಾತ್ರ ಸಾಲಾಗಿ ಚಪ್ಪಲಿ ಬಿಟ್ಟಿದ್ದವು. ಎಣಿಸಿದೆ, ಹನ್ನೊಂದು ಜೊತೆ.

"ಪಟ್ಟಿ ಕೊಡ್ರಿ ಅಕ್ಕಾರ" ಎಂದೆ, ನನ್ನ ಹೆಸರು, ನಂಬರಿನ ಕಾರ್ಡು ಕೊಟ್ಟು.

"ಪಟ್ಟಿ ಕೊಡಾಕ ಬರಂಗಿಲ್ರಿ ಸರ."

"ಹೋಗ್ಲಿ, ಹುಡುಗ್ಯಾರನ್ನ ಕರೀರಿ, ಮಾತಾಡಸ್ತೀನಿ."

"ಅವರು ಹೊರಗ ಬರಂಗಿಲ್ರಿ. ಇವರು ಇಲ್ಲಿ ಅದಾರಂತ ಇವರ ಅವ್ವಂದ್ರಿಗೆ ಗೊತ್ತು, ನನಗ ಗೊತ್ತು. ಮೂರನೇದವ್ರಿಗೆ ಗೊತ್ತಾಗಬಾರ್ದು. ನಿಮ್ಮ ಮ್ಯಾಲ ಸಂಶಯ ಅಲ್ರಿ, ಮಾತು ಕೊಟ್ಟೇನಿ."

ನನಗೆ ರೇಗಿತು. ದುಡ್ಡು ಮಾತ್ರ ಬೇಕು, ತೋರಿಸುವುದಕ್ಕೆ ಏನೂ ಇಲ್ಲ, ಚೆನ್ನಾಗಿದೆ ಕಥೆ ಎಂದುಕೊಂಡೆ. ಅವಳು ಮಂಡಕ್ಕಿ ಸುಸಲಾ, ಚಹಾ ಮಾಡಿ ತರುತ್ತೇನೆಂದು ಒಳಗೆ ಹೋದಳು. ಮೇಜಿನ ಮೇಲೆ ಪರೀಕ್ಷೆಯ ಅರ್ಜಿಗಳು ಬಿದ್ದಿದ್ದವು. ತಿರುವಿ ನೋಡಿದೆ. ಆರು ಅರ್ಜಿ. ಪ್ರತಿಯೊಂದರಲ್ಲೂ ಹುಡುಗಿ ಬರೆದ ಫೋನ್ ನಂಬರಿಗೆ ಗೆರೆ ಹೊಡೆದು, ಅದರ ಮೇಲೆ ಬೇರೆ ನಂಬರ್ ಬರೆದಿತ್ತು. ಆರಕ್ಕೂ ಅದೇ ನಂಬರು, ಮಾದೇವಕ್ಕನದು. ಸಿಕ್ಕಿಬಿದ್ದಳು ಎಂದು ಒಳಗೊಳಗೇ ಖುಷಿಯಾಯಿತು. ಹೌದು, ಖುಷಿಯೇ ಆಯಿತು. ಒಳಗಿನಿಂದ ಒಗ್ಗರಣೆಯ ಸದ್ದು ಕೇಳುತ್ತಿದ್ದಂತೆ ಮೊಬೈಲಿನಲ್ಲಿ ಒಂದು ಅರ್ಜಿಯ ಫೋಟೊ ತೆಗೆದುಕೊಂಡೆ. ಗೆರೆಯ ಕೆಳಗಿನ ನಂಬರು ಓದಲು ಬರುವಂತಿತ್ತು. ಅವಳು ತಂದ ಸುಸಲಾ ತಿಂದೆ, ರುಚಿಯಾಗಿದೆ ಎಂದೂ ಹೇಳಿದೆ.

ಯಾದಗಿರಿಯ ಆಫೀಸಿಗೆ ಬಂದವನೇ ನನ್ನ ಮೊಬೈಲಿನಿಂದ ಆ ನಂಬರಿಗೆ ಫೋನ್ ಹಚ್ಚಿದೆ. ಎತ್ತಿದವನು ಹುಡುಗಿಯ ಅಪ್ಪ, ಹುಣಸಗಿ ಕಡೆಯ ಒಂದು ಹಳ್ಳಿಯವನು.

"ನಿಮ್ಮ ಮಗಳು ಸುರಪುರದಾಗ ಮಾದೇವಕ್ಕನ ಹತ್ರ ಓದಾಕತ್ತಾಳಂತ, ಖರೇ ಏನ್ರಿ?"

"ಸುರಪುರದಾಗಾ? ಅಕಿ ಬಳಿಚಕ್ರದಾಗ ಚಿಗವ್ವನ ಮನ್ಯಾಗ ಅದಾಳಲ್ರಿ. ಹತ್ತಿ ಬಿಡಸಾಕ ಹೋಗ್ಯಾಳ." ಮತ್ತೆ ಕೇಳಿದ, "ಸುರಪುರದಾಗ ಎಲ್ಲಿ ಅಂದ್ರಿ?"

ನಾನು ಓಣಿಯ ಹೆಸರು ಹೇಳಿದೆ. ಹಸಿರು ಬಾಗಿಲು ಎಂದೂ ಹೇಳಿದೆ. ಫೋನ್ ಇಟ್ಟು ವರದಿ ಬರೆದೆ. ಸ್ವಂತ ಅಪ್ಪನೇ ಮಗಳು ಅಲ್ಲಿಲ್ಲ ಎನ್ನುತ್ತಾನೆ, ಇದಕ್ಕಿಂತ ಪುರಾವೆ ಏನು ಬೇಕು? ಪಾರದರ್ಶಕತೆಗೆ ಸೊನ್ನೆ. ಷರಾದಲ್ಲಿ "ಕೇಳಿದರೂ ಹೆಸರು ಕೊಡಲಿಲ್ಲ" ಎಂದು ಬರೆದೆ. ನೆರವು ಶಹಾಪುರಕ್ಕೆ ಹೋಯಿತು.

ಹದಿನೈದು ದಿನದ ನಂತರ ತಿರಸ್ಕಾರದ ಪತ್ರಕ್ಕೆ ಸಹಿ ಪಡೆಯಲು ಮತ್ತೆ ಸುರಪುರಕ್ಕೆ ಹೋದೆ. ಮಾದೇವಕ್ಕ ಸಹಿ ಹಾಕಿ, ಚಹಾ ಕೊಟ್ಟು, ತಾನಾಗಿಯೇ ಹೇಳಿದಳು. ಆ ಹುಡುಗಿಗೆ ಹದಿನಾರು. ಅಪ್ಪ ತನ್ನ ಅಕ್ಕನ ಮಗನಿಗೆ ಕೊಡಬೇಕೆಂದು ಮದುವೆ ಗೊತ್ತುಮಾಡಿದ್ದ. ತಾಯಿ ಬಳಿಚಕ್ರದ ಹೆಸರು ಹೇಳಿ ಮಗಳನ್ನು ಇಲ್ಲಿಗೆ ಕಳಿಸಿದ್ದಳು. ಯಾರೋ ಫೋನ್ ಮಾಡಿ ತಿಳಿಸಿದ ಮಾರನೇ ದಿನವೇ ಅಪ್ಪ ಬಂದ. ಮಾದೇವಕ್ಕ ಬಾಗಿಲಿಗೆ ಅಡ್ಡ ನಿಂತಳು. ಹುಡುಗಿಯೇ ಒಳಗಿಂದ ಬಂದು, "ಬಿಡ್ರಿ ಯಕ್ಕಾ, ನಾ ಹೋಗ್ತೀನಿ. ನಮ್ಮವ್ವನ್ನ ಮನಿ ಬಿಟ್ಟು ಹೊರಗ ಹಾಕ್ಯಾರಂತ" ಎಂದು ಚಪ್ಪಲಿ ಮೆಟ್ಟಿಕೊಂಡಳಂತೆ. ಮಾದೇವಕ್ಕ ಮಕ್ಕಳ ಸಹಾಯವಾಣಿಗೆ ತಿಳಿಸಿದಳು. ಅಧಿಕಾರಿಗಳು ಹಳ್ಳಿಗೆ ಹೋಗಿ ಅಪ್ಪನಿಂದ ಮುಚ್ಚಳಿಕೆ ಬರೆಸಿಕೊಂಡರು. ಅವನು ಬರೆದುಕೊಟ್ಟ. ಒಂದು ವಾರ ಬಿಟ್ಟು ತೆಲಂಗಾಣದ ಕಡೆಯ ನೆಂಟರ ಊರಿಗೆ ಕರೆದೊಯ್ದು ತಾಳಿ ಕಟ್ಟಿಸಿದ.

ನನ್ನ ಕೈಯ ಚಹಾ ಆರಿಹೋಯಿತು. ಆ ಫೋನ್ ಮಾಡಿದವನು ನಾನೇ ಎಂದು ಹೇಳಬೇಕಿತ್ತು. "ಛೇ, ಹಂಗಾತಾ?" ಎಂದೆ. ಆ ಎರಡು ಮಾತು ನೆನಪಾದರೆ ಈಗಲೂ ನನ್ನ ಮೇಲೆ ನನಗೇ ಹೇಸಿಗೆ ಬರುತ್ತದೆ. ಪತ್ರ ಮಡಿಚಿ ಚೀಲಕ್ಕೆ ಹಾಕಿಕೊಂಡು ಬಸ್ ಹತ್ತಿದೆ.

ಆಮೇಲೆ ನನ್ನ ಪರವಾಗಿ ನಾನೇ ವಾದ ಮಾಡಿಕೊಂಡೆ. ನಿಯಮ ಪಾಲಿಸಿದೆ, ಗೊತ್ತಿಲ್ಲದೆ ಆಯಿತು, ಇವತ್ತಲ್ಲ ನಾಳೆ ಅಪ್ಪನಿಗೆ ಗೊತ್ತಾಗುತ್ತಲೇ ಇತ್ತು, ಹೀಗೆಲ್ಲ. ಆದರೆ ಕದ್ದು ಫೋಟೊ ತೆಗೆಯಿರಿ ಎಂದು ಯಾವ ನಿಯಮವೂ ಹೇಳಿರಲಿಲ್ಲ. ಗೆರೆ ಹೊಡೆದ ನಂಬರು ಫೋನ್ ಮಾಡಬೇಡಿ ಎಂದು ಅಷ್ಟು ಸ್ಪಷ್ಟವಾಗಿ ಹೇಳುತ್ತಿತ್ತು, ನನಗೆ ಅದರಲ್ಲಿ ಮೋಸವೇ ಕಂಡಿತು. ಬಾಯಿಪಾಠವಿದ್ದ ಒಂದೇ ನಂಬರನ್ನು ಆ ಹುಡುಗಿ ಅರ್ಜಿಯಲ್ಲಿ ಬರೆದಿದ್ದಳು, ಮಾದೇವಕ್ಕ ಅದನ್ನು ನೋಡಿ ಹೊಡೆದು ಹಾಕಿದ್ದಳು. ಅಷ್ಟೇ ನಡೆದದ್ದು.

ಎರಡು ತಿಂಗಳ ನಂತರ ಎಸ್ಸೆಸ್ಸೆಲ್ಸಿ ಪರೀಕ್ಷೆ ಶುರುವಾಯಿತು. ಹಳೆಯ ಮೇಷ್ಟ್ರು ಎಂಬ ಸಲುಗೆಯಿಂದ ಸುರಪುರದ ಪರೀಕ್ಷಾ ಕೇಂದ್ರಕ್ಕೆ ಹೋದೆ. ಗಣಿತದ ದಿನ. ಬಾಗಿಲಲ್ಲಿ ನಿಂತು ನೋಡಿದೆ. ಕಿಟಕಿಯ ಪಕ್ಕದ ಒಂದು ಬೆಂಚಿನ ಮೇಲೆ ನೋಂದಣಿ ಸಂಖ್ಯೆಯ ಚೀಟಿ ಅಂಟಿಸಿತ್ತು, ಬೆಂಚು ಖಾಲಿ. ಅದು ಅವಳದೇ ಎಂದು ನನಗೆ ಯಾರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಅಲ್ಲಿಂದ ನೇರವಾಗಿ ಹಸಿರು ಬಾಗಿಲಿಗೆ ನಡೆದೆ.

"ಅಕ್ಕಾರ, ಅವತ್ತು ಫೋನ್ ಮಾಡಿದಾಂವ ನಾನಾ" ಎಂದೆ.

ಮಾದೇವಕ್ಕ ಅಕ್ಕಿ ಆರಿಸುತ್ತಿದ್ದಳು. ತಲೆ ಎತ್ತದೆ, "ಗೊತ್ತೈತ್ರಿ ಸರ. ಅವರಪ್ಪ ನನ್ನ ಮುಖಕ್ಕ ಹಿಡದು ನಂಬರ ತೋರಿಸಿದ್ದ. ನೀವು ಕೊಟ್ಟ ಕಾರ್ಡಿನ ಮ್ಯಾಲಿನ ನಂಬರ" ಎಂದಳು.

"ಗೊತ್ತಿದ್ದೂ ನನಗ ಚಹಾ ಕೊಟ್ರಿ?"

"ನೀವಾಗೇ ಹೇಳ್ತೀರೇನೋ ಅಂತ ನೋಡಿದೆ. ಹೇಳಲಿಲ್ಲ. ಬೈದ್ರ ಅಕಿ ತಿರಗಿ ಬರ್ತಿದ್ಲೇನ್ರಿ?" ಮೊರ ಕೆಳಗಿಟ್ಟಳು. "ನನಗ ಸಿಟ್ಟಿಲ್ಲ ಅನ್ನಂಗಿಲ್ರಿ ಸರ. ಐತಿ. ಭಾಳ ಐತಿ."

ನಾನು ಅತ್ತೆ. ಅವಳು ಸಮಾಧಾನ ಮಾಡಲಿಲ್ಲ. ಮಾಡಬೇಕಾಗಿಯೂ ಇರಲಿಲ್ಲ.

ಮರುವರ್ಷ ಅರ್ಜಿ ಹಾಕಲು ಅವಳು ಒಪ್ಪಲಿಲ್ಲ. ಮೂರು ಸಲ ಹೋಗಿ ಕೇಳಿಕೊಂಡೆ. ಕೊನೆಗೆ, "ಹೆಸರ ಕೇಳಬಾರ್ದು ನೋಡ್ರಿ" ಎಂದು ಸಹಿ ಹಾಕಿದಳು. ವರದಿ ಬರೆಯಲು ಕೂತೆ. ಒಳ್ಳೆಯ ಸಂಸ್ಥೆಯೆಂದರೆ ಕೇಳಿದ್ದನ್ನೆಲ್ಲ ತೆರೆದು ತೋರಿಸುವುದು ಎಂದು ಅಷ್ಟು ವರ್ಷ ನಂಬಿದ್ದೆ. ಯಾವುದನ್ನು ತೋರಿಸಬಾರದು ಎಂದು ತಿಳಿದು, ನೆರವು ಕೈತಪ್ಪಿದರೂ ತೋರಿಸದೆ ಇರುವುದೂ ನಂಬಿಕೆಗೆ ಪುರಾವೆಯೇ. ಇದನ್ನು ಕಲಿಯಲು ನಾನು ಕೊಟ್ಟ ಬೆಲೆ ನನ್ನದಲ್ಲ, ಬೇರೆಯವರ ಮಗಳದು. ಷರಾದಲ್ಲಿ ಹೋದ ವರ್ಷದ ಮಾತನ್ನೇ ಬರೆದೆ, "ಕೇಳಿದರೂ ಹೆಸರು ಕೊಡಲಿಲ್ಲ." ಅದರ ಮುಂದೆ ಇಪ್ಪತ್ತಕ್ಕೆ ಇಪ್ಪತ್ತು ಹಾಕಿದೆ. ಬಾಗಿಲಲ್ಲಿ ಬಿಟ್ಟ ಚಪ್ಪಲಿಯ ಲೆಕ್ಕದಂತೆ ಪಟ್ಟಿಯ ಹನ್ನೊಂದು ಸಾಲುಗಳಲ್ಲಿ ಹೆಸರಿನ ಜಾಗ ಖಾಲಿ ಬಿಟ್ಟು, ಫೋನಿನ ಜಾಗದಲ್ಲಿ ಒಂದೇ ನಂಬರು ಬರೆದೆ.

ವರದಿ ಕಳಿಸಿದ ಎರಡನೇ ದಿನ ಬೆಂಗಳೂರಿನಿಂದ ಫೋನ್ ಬಂತು. ನಾನೇ ತರಬೇತಿ ಕೊಟ್ಟಿದ್ದ ಹುಡುಗಿ.

"ಸರ್, ಹನ್ನೊಂದು ಸಾಲಿಗೂ ಒಂದೇ ನಂಬರ್ ಇದೆಯಲ್ಲ? ಹೀಗಿದ್ದರೆ ನಂಬಬೇಡಿ ಅಂತ ನೀವೇ ಹೇಳಿಕೊಟ್ಟಿದ್ರಿ."

"ಹೌದಮ್ಮ. ಆ ನಂಬರು ನಂದು. ಫೋನ್ ಮಾಡಲೇಬೇಕು ಅನ್ನಿಸಿದ್ರೆ ನನಗೆ ಮಾಡಿ" ಎಂದೆ. ಮೇಜಿನ ಮೇಲಿನ ಅರ್ಜಿಗಳಿಂದ ಹಿಡಿದು ಖಾಲಿ ಬೆಂಚಿನವರೆಗೆ ಎಲ್ಲವನ್ನೂ ಹೇಳಿದೆ. ಅವಳು ಮೆಲ್ಲಗೆ, "ಆ ಹುಡುಗಿಯ ಹೆಸರೇನು ಸರ್?" ಎಂದು ಕೇಳಿದಳು.

ನಾನು ಹೇಳಲಿಲ್ಲ.