ಸುಂದ್ರವ್ವನ ಕೊಡ
ವಿದ್ಯಾರ್ಥಿಗಳ ಚಿತ್ರೋತ್ಸವಕ್ಕೆಂದು ನೀರಿನ ಅಭಾವದ ಸಿನಿಮಾ ತೆಗೆಯಲು ಯಾವ ಕಾಲೇಜಿನವರು ಬಂದರೂ ಭಾಂಡುಪ್‌ನ ಸಾಲುಮನೆಗಳ ಆ ಚಾಳಿನಲ್ಲಿ ಸುಂದ್ರವ್ವನೇ ನಾಯಕಿ. ನಲ್ಲಿಯ ಸಾಲಿನಲ್ಲಿ ಎಲ್ಲಿ ನಿಟ್ಟುಸಿರು ಬಿಡಬೇಕೆಂದು ಅವಳಿಗೆ ಗೊತ್ತು. "ಬಿಸ್ಲು ಈ ಕಡಿಂದ ಛಲೋ ಬೀಳತೈತಿ, ಇಲ್ಲಿ ನಿಲ್ರೋ" ಎಂದು ಕ್ಯಾಮೆರಾದವರನ್ನೇ ಸರಿಸುತ್ತಾಳೆ, ಬೇಕೆಂದರೆ ನೆರೆಯವಳೊಡನೆ ಜಗಳವನ್ನೂ ಆಡಿ ತೋರಿಸುತ್ತಾಳೆ. ಖಾಲಿ ಕೊಡ ಹಿಡಿಯಲು ಮಾತ್ರ ಒಲ್ಲಳು. ಅಪಶಕುನವೆಂದು ತಳಕ್ಕೆ ಒಂದು ಚೆಂಬು ನೀರು ಹಾಕಿಯೇ ಎತ್ತುತ್ತಾಳೆ. "ಆಂಟಿ, ಪಾನಿ ಕಾಣಿಸಿದ್ರೆ ಪ್ರೈಜ್ ಹೇಗೆ ಸಿಗ್ತದೆ?" ಎಂದು ಈ ಸಲ ಸಿನಿಮಾ ತೆಗೆಯಲು ಬಂದ ನಿಖಿತಾ ಎಂಬ ಹುಡುಗಿ ಗೋಗರೆದಳು. "ನಿನ್ನ ಸಿನಿಮಾ ಊರಾಗೂ ಫೋನಿನಾಗ ನೋಡ್ತಾರವ್ವಾ. ಅಲ್ಲೇ ನನ್ನ ಮಗಗ ಹೆಣ್ಣು ಕೇಳೀವಿ. ನೀರಿಲ್ಲದ ಮನಿಗೆ ಯಾರು ಕೊಡ್ತಾರ?" ಎಂದ ಸುಂದ್ರವ್ವ ಒಳಗೆ ಹೋಗಿ, ನಾಳೆಯವರೆಗೆ ಕುಡಿಯಲೆಂದು ಮುಚ್ಚಿಟ್ಟಿದ್ದ ನೀರನ್ನೆಲ್ಲ ಕೊಡಕ್ಕೆ ಸುರಿದುಕೊಂಡು, ಅದನ್ನು ತುಳುಕಿಸುತ್ತ ಬಂದು ಕ್ಯಾಮೆರಾದ ಎದುರು ನಿಂತಳು.