ರತ್ನಮ್ಮನ ತೊಟ್ಟಿಯ ನೈದಿಲೆ

ಕಲ್ಯಾಣದುರ್ಗದಲ್ಲಿ ರತ್ನಮ್ಮನ ಹಿತ್ತಲಿಗೆ ಕಾಲಿಟ್ಟವಳು ಅಲ್ಲೇ ನಿಂತುಬಿಟ್ಟೆ. ಕುರಿಗಳಿಗೆ ನೀರಿಡುತ್ತಿದ್ದ ಹಳೆಯ ಕಲ್ಲುತೊಟ್ಟಿಯಲ್ಲಿ ಏಳು ನೀಲಿ ನೈದಿಲೆಗಳು ಒಟ್ಟಿಗೆ ಅರಳಿದ್ದವು. ಹಿಂದೂಪುರದ ನನ್ನ ಸಿಮೆಂಟ್ ಕೊಳದಲ್ಲಿ ಎರಡು ವರ್ಷದಿಂದ ಬರೀ ಎಲೆ. ಹೊಟ್ಟೆಯಲ್ಲಿ ಕೆಂಡ ಇಟ್ಟಂತಾಯಿತು.

ಅದರ ಗಡ್ಡೆ ಕೊಟ್ಟವಳು ನಾನೇ. ನಮ್ಮ ಪಕ್ಕದ ಮನೆ ಬಿಟ್ಟು ಅವಳು ಕಲ್ಯಾಣದುರ್ಗಕ್ಕೆ ಹೊರಟಾಗ, ಲೇಪಾಕ್ಷಿ ಕಡೆಯ ಕೆರೆಯಿಂದ ತಂದಿದ್ದ ಗಡ್ಡೆಗಳಲ್ಲಿ ದಪ್ಪನೆಯವನ್ನು ಉಳಿಸಿಕೊಂಡು, ಅರ್ಧ ಕೊಳೆತದ್ದೊಂದನ್ನು ಅವಳ ಕೈಗಿಟ್ಟಿದ್ದೆ.

ರತ್ನಮ್ಮ ಎದುರುಮನೆಯವಳನ್ನು ಕೂಗಿ ಕರೆದಳು. ನೈದಿಲೆಗೆ ಅವಳು ತೆಲುಗಿನ ಕಲುವ ಎಂದೇ ಅನ್ನುವುದು. "ಇವ್ರೇ ಕಣಮ್ಮ ನಮ್ಗೆ ಕಲುವ ಗಡ್ಡೆ ಕೊಟ್ಟಿದ್ದು. ಇದ್ದುದ್ರಲ್ಲಿ ಒಳ್ಳೇದೇ ಆರಿಸಿ ಕೊಟ್ಬುಟ್ಟವ್ರೆ."

ನಾನು ನಕ್ಕೆ. ಕಣ್ಣೆತ್ತಿ ನೋಡಲಾಗಲಿಲ್ಲ. ನನ್ನದು ಹೂ ಬಿಟ್ಟಿಲ್ಲ ಎಂದಾಗ ಅವಳು ಮೊಣಕೈವರೆಗೆ ನೀರಿಗೆ ಕೈ ಹಾಕಿ ಮೂರು ಗಡ್ಡೆ ತೆಗೆದು, ಎಲ್ಲಕ್ಕಿಂತ ದಪ್ಪನೆಯದನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿಕೊಟ್ಟಳು. "ಬಿಸ್ಲು ಬೀಳೋ ಕಡೆ ಇಡಿ, ಗ್ಯಾರಂಟಿ ಬತ್ತೈತೆ" ಎಂದಳು.

ಆ ಗಡ್ಡೆ ಈಗ ಹೂ ಬಿಟ್ಟಿದೆ. ಕೊಳೆತದ್ದನ್ನು ಕೊಟ್ಟೆನೆಂದು ಅವಳಿಗೆ ಹೇಳಲು ಇನ್ನೂ ಬಾಯಿ ಬಂದಿಲ್ಲ. ಅವಳ ಹೂಗಳ ಮೇಲಿನ ಹೊಟ್ಟೆಕಿಚ್ಚು ಹೋಯಿತು. ಅವಳಂತೆ ಮನಸಾರೆ ಕೊಡಬಲ್ಲವರನ್ನು ಕಂಡರೆ ಮಾತ್ರ ಈಗಲೂ ಹೊಟ್ಟೆ ಉರಿಯುತ್ತದೆ.